ಸಿಸ್ಟರಮ್ಮ ಮತ್ತು ಕಂಬದಮ್ಮ

ಮೊಣಕೈಯಿಂದ ಕೆಳಗೆ ಸಿಸ್ಟರಮ್ಮನ ಕೈಗಳು ಬೇರೆ ಯಾರದೋ ಕೈಗಳಂತಿದ್ದವು. ಮೇಲೆ ನಾಗಮಂಗಲ ಕಡೆಯ ಒಕ್ಕಲು ಮನೆಯ ಕಪ್ಪು, ಗಟ್ಟಿ ತೋಳು. ಕೆಳಗೆ ಬಿಳಿಚಿಕೊಂಡ, ಹಿಂಡಿ ಹರವಿದ ಬಟ್ಟೆಯ ಹಾಗೆ ಸುಕ್ಕುಗಟ್ಟಿದ ಚರ್ಮ. ಎರಡರ ನಡುವೆ ಅಳತೆ ಹಿಡಿದು ಎಳೆದಂಥ ಒಂದು ಗೆರೆ. ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸೋಪಿನಲ್ಲಿ, ಔಷಧಿ ನೀರಿನಲ್ಲಿ ಕೈ ಉಜ್ಜಿ ಉಜ್ಜಿ ಮೂಡಿದ ಗೆರೆ ಅದು. ನಿವೃತ್ತರಾಗಿ ಇಪ್ಪತ್ತು ವರ್ಷ ಕಳೆದರೂ ಅಳಿಸಿರಲಿಲ್ಲ.

ಅವರ ಮನೆ ಪಾಂಡವಪುರದ ಹಳೆಯ ಹೆರಿಗೆ ಆಸ್ಪತ್ರೆಯ ಗೇಟಿನ ಎದುರಿಗೇ ಇತ್ತು. ನಮ್ಮದು ಅದೇ ಬೀದಿಯ ಕೊನೆಯಲ್ಲಿ. ಅವರು ಕೆಲಸ ಬಿಡುವ ಮುಂಚಿನ ವರ್ಷ ನಾನು ಹುಟ್ಟಿದ್ದು ಆ ಆಸ್ಪತ್ರೆಯಲ್ಲೇ, ಅವರ ಕೈಯಲ್ಲೇ. ನಾನು ದಿನಚರಿ ಬರೆಯುತ್ತೇನೆ, ಯಾವ ದಿನ ಏನಾಯಿತು, ಎಷ್ಟು ಜನ ಬಂದರು ಎಂದೆಲ್ಲ ಗುರುತು ಹಾಕಿಕೊಳ್ಳುತ್ತೇನೆ ಎಂದು ತಿಳಿದಾಗ ಅವರು ಬಾಯಿಗೆ ಸೆರಗು ಹಿಡಿದು ನಕ್ಕರು.

“ಹುಟ್ಟಿದ್ ತಕ್ಷಣ ನೀನು ಅಳ್ನೇ ಇಲ್ಲ ಕಣ್ಮಗ. ಪಿಳಿಪಿಳಿ ಅಂತ ಸುತ್ತ ನೋಡ್ದೆ. ನಾನು ಎದ್ರುಕೊಂಡು ಬೆನ್ನಿಗೆರಡು ತಟ್ಟಿದ್ಮ್ಯಾಕೆ ಕಿರುಚ್ದೆ. ವಾರ್ಡಲ್ಲಿ ಮಂಚ ಎಷ್ಟವೆ ಅಂತ ಎಣುಸ್ತಿದ್ದೆ ಅಂತ ಈಗ ಗೊತ್ತಾಯ್ತು ಬುಡು.”

ಆ ಕಟ್ಟಡ ಅರವತ್ತರ ದಶಕದ್ದು. ಸರ್ಕಾರಿ ಕಟ್ಟಡವೆಂದರೆ ಕಮಾನು, ಗುಮ್ಮಟ, ದಪ್ಪ ಕಂಬ ಎಂದು ನಂಬಿದ್ದ ನಮ್ಮ ಜನಕ್ಕೆ ಅದು ಅರ್ಧಕ್ಕೆ ಬಿಟ್ಟ ಕೆಲಸದಂತೆ ಕಂಡಿತಂತೆ. ಗಾರೆ ಬಳಿಯದ ಕಾಂಕ್ರೀಟು, ಉದ್ದಕ್ಕೂ ಗೆರೆ ಎಳೆದಂಥ ಸಜ್ಜಾ, ಗಾಳಿಯಾಡಲು ಸಿಮೆಂಟ್ ಜಾಲಿಯ ಗೋಡೆ, ಮಹಡಿಗೆ ಮೆಟ್ಟಿಲ ಬದಲು ಉದ್ದನೆಯ ಇಳಿಜಾರು. ಮುಂದೆ ಪೋರ್ಟಿಕೊ. ಕೊಕ್ಕರೆ ರೆಕ್ಕೆ ಬಿಚ್ಚಿದಂತೆ ಚಾಚಿದ ತೆಳ್ಳನೆಯ ತಾರಸಿ, ಅದಕ್ಕೆ ಆಸರೆಯಾಗಿ ಒಂದೇ ಒಂದು ಕಂಬ. ಆ ಕಂಬವೂ ನೆಟ್ಟಗಿಲ್ಲ. ಮೇಲೆ ಒಂದಾಗಿದ್ದು ಕೆಳಗೆ ಎರಡು ಕಾಲಾಗಿ ಅಗಲಕ್ಕೆ ಕವಲೊಡೆದಿದೆ.

ತಾರಸಿ ಬೀಳುತ್ತದೆ ಎಂಬ ಭಯಕ್ಕೆ ಮೊದಲ ಕೆಲವು ತಿಂಗಳು ಬಸುರಿಯರನ್ನು ಯಾರೂ ಅದರಡಿಯಲ್ಲಿ ನಡೆಸಿಕೊಂಡು ಹೋಗುತ್ತಿರಲಿಲ್ಲ, ಹಿಂಬಾಗಿಲಿನಿಂದ ಕರೆತರುತ್ತಿದ್ದರು. ಒಂದು ದಿನ ತೊಣ್ಣೂರು ಕಡೆಯಿಂದ ಗಾಡಿಯಲ್ಲಿ ಬಂದ ಹೆಂಗಸಿಗೆ ಹಿಂಬಾಗಿಲ ತನಕ ಹೋಗುವಷ್ಟು ಪುರುಸೊತ್ತು ಸಿಗಲಿಲ್ಲ. ಪೋರ್ಟಿಕೊದಡಿ ಇಳಿದವಳು ಆ ಕಂಬವನ್ನೇ ತಬ್ಬಿ ಹಿಡಿದು ಹೆತ್ತುಬಿಟ್ಟಳು. ತಾಯಿ, ಮಗು ಇಬ್ಬರೂ ಸುಖವಾಗಿದ್ದರು. ಕಾಲು ಅಗಲಿಸಿ ನಿಂತ ಕಂಬವನ್ನು ಜನ ಅಂದಿನಿಂದ ಬೇರೆ ಕಣ್ಣಿನಿಂದ ನೋಡತೊಡಗಿದರು. ಅದು ಕಂಬದಮ್ಮ ಆಯಿತು. ಮಗು ಎತ್ತಿಕೊಂಡು ಮನೆಗೆ ಹೊರಟ ಪ್ರತಿ ಬಾಣಂತಿಯ ಅತ್ತೆಯೋ ತಾಯಿಯೋ ಆ ಕಂಬಕ್ಕೆ ಅಂಗೈ ತುಂಬ ಅರಿಶಿನ ಹಚ್ಚುವುದು, ಹಸಿರು ಬಳೆ ಕಟ್ಟುವುದು ರೂಢಿಯಾಯಿತು.

ಈ ಕಥೆಯನ್ನು ಸಿಸ್ಟರಮ್ಮ ಹೇಳುತ್ತಿದ್ದ ರೀತಿಯೇ ಬೇರೆ. ಅವರು ಕೆಲಸಕ್ಕೆ ಸೇರುವ ಮುಂಚೆ ನಡೆದದ್ದಾದರೂ ಕಣ್ಣಾರೆ ಕಂಡವರಂತೆ ಸಿಡುಕುತ್ತಿದ್ದರು. “ಅವತ್ತು ಡಾಕ್ಟ್ರು ಊಟಕ್ಕೆ ಓಗಿದ್ರು, ಅಷ್ಟೇ ಕಣ್ಮಗ. ವಾರ್ಡಿನ ಆಯಾ ಓಡ್ಬಂದು ಮಗೀನ ಇಡ್ಕೊಂಡ್ಲು. ಅವ್ಳಿಗೊಂದ್ ಬಳೆ ಇಲ್ಲ, ಒಂದ್ ಊವಿಲ್ಲ. ಎಲ್ಲಾ ಕಂಬಕ್ಕೆ! ಕಂಬ ಏನ್ ನೀರ್ ಕಾಯ್ಸಿತ್ತಾ?”

ತಮ್ಮ ಸೇವೆಯುದ್ದಕ್ಕೂ ಅವರು ಆ ಅರಿಶಿನದ ಮೇಲೆ ಯುದ್ಧ ಸಾರಿದ್ದರು. ಬೆಳಗ್ಗೆ ಬಂದವರೇ ಒಂದು ಬಕೆಟ್ ನೀರು, ತೆಂಗಿನ ನಾರು, ಸೋಡಾಪುಡಿ ತರಿಸಿ ಕಂಬ ಉಜ್ಜಿಸುತ್ತಿದ್ದರು. ಆಯಾಗಳು ಕೆಟ್ಟದಾಗುತ್ತದೆಂದು ಹಿಂಜರಿದರೆ ತಾವೇ ಸೆರಗು ಸಿಕ್ಕಿಸಿ ಉಜ್ಜುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಮತ್ತೆ ಹಳದಿ. ಊರವರು ಅವರನ್ನು ನಾಸ್ತಿಕರೆಂದರು, ಮಕ್ಕಳಿಲ್ಲದ ಹೊಟ್ಟೆಕಿಚ್ಚು ಎಂದೂ ಅಂದರು. ಅವರು ಮಾತ್ರ ಪ್ರತಿ ಶನಿವಾರ ಆಂಜನೇಯನ ಗುಡಿಗೆ ಹೋಗುವುದನ್ನೂ ಬಿಡಲಿಲ್ಲ, ಕಂಬ ತೊಳೆಯುವುದನ್ನೂ ಬಿಡಲಿಲ್ಲ.

ಕಾರಣವನ್ನು ನನಗೆ ಒಂದೇ ಸಲ ಹೇಳಿದರು. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಗಂಡುಮಗು ಆರೋಗ್ಯವಾಗಿ ಮನೆಗೆ ಹೋಗಿತ್ತು. ಹೋಗುವಾಗ ಅದರ ಅಜ್ಜಿ ಪ್ರಸಾದವೆಂದು ಕಂಬದ ಅರಿಶಿನ ಕೆರೆದು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಬೀದಿಯ ಧೂಳು, ಸಗಣಿ, ನೂರು ಜನರ ಕೈ ಕೂಡಿದ ಅರಿಶಿನ ಅದು. ಮನೆಯಲ್ಲಿ ಅದನ್ನೇ ಹೊಕ್ಕುಳಿಗೆ ಹಚ್ಚಿದರು. ಒಂದು ವಾರದಲ್ಲಿ ಮಗುವನ್ನು ಮತ್ತೆ ತಂದರು. ಧನುರ್ವಾಯು. ಬಿಲ್ಲಿನಂತೆ ಬಾಗಿ ಸೆಟೆದುಕೊಂಡಿತ್ತು.

“ಆ ಅಜ್ಜಿ ನನ್ ಕೈ ಇಡ್ಕೊಂಡು, ದೇವ್ರ ಅರಿಶ್ನಾನೂ ಹಚ್ಚಿದ್ನಲ್ಲವ್ವಾ, ಯಾಕಿಂಗಾಯ್ತು ಅಂದ್ಲು. ಅದ್ರಿಂದ್ಲೇ ಆದದ್ದು ಅಂತ ಎಂಗೇಳ್ಲಿ? ಏಳ್ನಿಲ್ಲ. ಕಂಬ ಉಜ್ದೆ.”

ಆಸ್ಪತ್ರೆ ಬೈಪಾಸ್ ರಸ್ತೆಯ ಹೊಸ ಕಟ್ಟಡಕ್ಕೆ ಹೋಗಿ ಬಹಳ ವರ್ಷವಾಯಿತು. ಹಳೆಯದು ಬೀಗ ಬಿದ್ದು, ಜಾಲಿಯೊಳಗೆ ಪಾರಿವಾಳ ಗೂಡು ಕಟ್ಟಿ, ಕೆಡವುವ ಮಾತೂ ಬಂದಿತ್ತು. ಅಷ್ಟರಲ್ಲಿ ಅದನ್ನು ಪರಂಪರೆ ಕಟ್ಟಡಗಳ ಪಟ್ಟಿಗೆ ಸೇರಿಸಿದರು. ಊರಿಗೆ ಆಶ್ಚರ್ಯ. ಐವತ್ತು ಅರವತ್ತು ವರ್ಷದ ಕಾಂಕ್ರೀಟಿಗೆ ಎಂಥ ಪರಂಪರೆ! ಪಕ್ಕದ ಶ್ರೀರಂಗಪಟ್ಟಣದ ಕೋಟೆಯನ್ನೇ ನೋಡಿ ಬೇಸತ್ತವರು ನಾವು. ದುರಸ್ತಿ ಮಾಡಿ ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಗ್ರಂಥಾಲಯ, ಅಧ್ಯಯನ ಕೇಂದ್ರ ಮಾಡುವುದೆಂದು ತೀರ್ಮಾನವಾಯಿತು. ಕೆಲಸದ ದಿನವಹಿ ಬರೆಯಲು, ಮುಂದೆ ಕೇಂದ್ರ ನೋಡಿಕೊಳ್ಳಲು ಗುತ್ತಿಗೆಯ ಮೇಲೆ ಒಬ್ಬರು ಬೇಕಿತ್ತು. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ನನಗೆ ಆ ಕೆಲಸ ಸಿಕ್ಕಿತು.

ದುರಸ್ತಿಗೆ ಬಂದ ಆರ್ಕಿಟೆಕ್ಟ್ ಮೇಡಂ ಮೈಸೂರಿನವರು. ಆ ಕಟ್ಟಡವನ್ನು ಅವರು ಪ್ರೀತಿಸುತ್ತಿದ್ದರು ಎಂದೇ ಹೇಳಬೇಕು. ಜಾಲಿಯ ಒಂದೊಂದು ಬಿಲ್ಲೆಯನ್ನೂ ಬ್ರಷ್ಷಿನಲ್ಲಿ ತೊಳೆಸಿದರು. ಕಂಬದ ಮೇಲಿನ ಜಿಡ್ಡು, ಅರಿಶಿನ, ಬಳೆ ಕಟ್ಟಿದ ದಾರ, ಯಾರೋ ಬಳಿದ ಎಣ್ಣೆಬಣ್ಣ ಎಲ್ಲವನ್ನೂ ಎರಡು ತಿಂಗಳು ಹಿಡಿದು ಬಿಡಿಸಿದಾಗ ಒಳಗಿನಿಂದ ಬೂದು ಬಣ್ಣದ ಹಳೆಯ ಕಾಂಕ್ರೀಟು, ಅದರ ಮೇಲೆ ಅಂದಿನ ಮರದ ಹಲಗೆಗಳ ಗೆರೆ ಕಾಣಿಸಿದವು. ಅಂದು ಸಿಸ್ಟರಮ್ಮನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಕಂಬದ ಸುತ್ತ ಒಂದು ಸುತ್ತು ಬಂದರು. ಬೆರಳಿನಿಂದ ಮುಟ್ಟಿ, ಬೆರಳು ನೋಡಿಕೊಂಡರು.

“ನಾನಿರೋಗಂಟ ಇದ್ನ ಇಂಗೆ ನೋಡ್ತೀನಿ ಅಂದ್ಕೊಂಡಿರ್ನಿಲ್ಲ” ಎಂದು ಮೇಡಂಗೆ ಕೈಮುಗಿದರು.

ಆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಉದ್ಘಾಟನೆಗೆ ಮುಂಚೆಯೇ ಹೊಸ ಗೇಟು ಬಂತು, ಗೇಟಿಗೆ ಕಾವಲಿನವನು ಬಂದ. ಐಡಿ ಕಾರ್ಡು ಇಲ್ಲದವರಿಗೆ ಪ್ರವೇಶವಿಲ್ಲ ಎಂದು ಫಲಕ ಹಾಕಿದರು. ಇದರಲ್ಲಿ ತಪ್ಪೇನೂ ನನಗೆ ಕಂಡಿರಲಿಲ್ಲ. ಸಿಸ್ಟರಮ್ಮನಿಗೆ ಕಂಡಿತು, ಏಕೆಂದರೆ ಅವರು ಎದುರು ಮನೆಯ ಜಗಲಿಯಲ್ಲಿ ಕೂತು ಗುರುವಾರಗಳನ್ನು ನೋಡುತ್ತಿದ್ದರು.

ಗುರುವಾರ ಹೊಸ ಆಸ್ಪತ್ರೆಯಲ್ಲಿ ಮಕ್ಕಳಿಗೆ ಚುಚ್ಚುಮದ್ದು. ಹಾಕಿಸಿಕೊಂಡು ತಾಯಂದಿರು ಆಟೋದಲ್ಲಿ ಬಸ್ ನಿಲ್ದಾಣಕ್ಕೆ ಬರುತ್ತಾರೆ. ನಾಗಮಂಗಲದ ಕಡೆ, ಕೆ.ಆರ್. ಪೇಟೆಯ ಕಡೆ ಹಳ್ಳಿಗಳಿಗೆ ಹೋಗುವ ಬಸ್ಸುಗಳು ಗಂಟೆಗಟ್ಟಲೆ ಇರುವುದಿಲ್ಲ. ನಿಲ್ದಾಣದಲ್ಲಿ ನಾಲ್ಕು ಕಬ್ಬಿಣದ ಕುರ್ಚಿ, ಅವುಗಳ ತುಂಬ ಗಂಡಸರು. ಕಟ್ಟಡ ಪಾಳು ಬಿದ್ದಿದ್ದಾಗಲೂ ಈ ಹೆಂಗಸರು ಪಕ್ಕದಲ್ಲೇ ಇದ್ದ ಪೋರ್ಟಿಕೊದ ನೆರಳಿಗೆ ಬಂದು ಕೂತು, ಜ್ವರ ಬಂದು ಅಳುವ ಮಗುವಿಗೆ ಹಾಲು ಕೊಟ್ಟು, ಬಟ್ಟೆ ಬದಲಿಸಿ, ಕಂಬದಮ್ಮನಿಗೆ ಒಂದು ಕೈ ಮುಗಿದು ಹೋಗುತ್ತಿದ್ದರು. ಈಗ ಗೇಟಿನಾಚೆಯೇ ತಡೆ.

ಮೊದಲ ಗುರುವಾರವೇ ಸಿಸ್ಟರಮ್ಮ ರಸ್ತೆ ದಾಟಿ ಬಂದರು. ಮಗು ಎತ್ತಿಕೊಂಡು ಒಳಗೆ ಬಂದು ಕೂತಿದ್ದ ಒಬ್ಬಳನ್ನು ಕಾವಲಿನವನು ಎಬ್ಬಿಸುತ್ತಿದ್ದ.

“ಏನ್ಲಾ, ನೀನೆಲ್ಲಿ ಹುಟ್ಟಿದ್ದು?”

“ಇಲ್ಲೇ ಕಣಮ್ಮ.”

“ಅವತ್ತು ನಿಮ್ಮವ್ವನ್ನ ಐಡಿ ಕಾರ್ಡ್ ಕೇಳಿದ್ನೇನ್ಲಾ ನಾನು?”

ಅವನು ತಲೆ ಕೆರೆದುಕೊಂಡ. “ನಾನೇನ್ ಮಾಡ್ಲಿ ಸಿಸ್ಟರಮ್ಮ, ಸಾಹೇಬ್ರು ಏಳವ್ರೆ. ಕೂರ್ಸುದ್ರೆ ನನ್ ಕೆಲ್ಸ ಓಯ್ತದೆ.”

ಅವನ ಕೆಲಸ ಹೋಗುವುದು ಸಿಸ್ಟರಮ್ಮನಿಗೂ ಬೇಕಿರಲಿಲ್ಲ. ಮರುದಿನ ನನ್ನನ್ನು ಜೊತೆಗೆ ಕರೆದುಕೊಂಡು ಪುರಸಭೆಯ ಮುಖ್ಯಾಧಿಕಾರಿಗಳ ಕಚೇರಿಗೆ ಹೋದರು. ಅವರು ಕೇಳಿದ್ದು ಇಷ್ಟೆ: ಪೋರ್ಟಿಕೊ ಪಕ್ಕದಲ್ಲಿ ಹಿಂದೆ ಚೀಟಿ ಬರೆಯುತ್ತಿದ್ದ ಚಿಕ್ಕ ಕೊಠಡಿಯನ್ನು ಈ ತಾಯಂದಿರಿಗೆ ಬಿಟ್ಟುಕೊಡಿ, ಒಂದು ನಲ್ಲಿ ಹಾಕಿಸಿ. ಸಾಹೇಬರು ಕುರ್ಚಿ ಕೊಟ್ಟು, ಕಾಫಿ ತರಿಸಿ, ಮರ್ಯಾದೆಯಿಂದಲೇ ಮಾತಾಡಿದರು. ಆ ಕೊಠಡಿ ಯುಪಿಎಸ್ ಬ್ಯಾಟರಿ ಇಡಲು ಮೀಸಲಾಗಿದೆ, ಪರಂಪರೆ ಕಟ್ಟಡದಲ್ಲಿ ನಲ್ಲಿಗೆಂದು ಹೊಸದಾಗಿ ಗೋಡೆ ಕೊರೆಯುವುದಕ್ಕೆ ಸಮಿತಿಯ ಒಪ್ಪಿಗೆ ಬೇಕು, ಮುಂದಿನ ಹಂತದಲ್ಲಿ ನೋಡೋಣ ಎಂದರು. ನಾನು ಆ ಗುರುವಾರ ಗೇಟಿನಿಂದ ವಾಪಸು ಹೋದವರ ಸಂಖ್ಯೆ ಬರೆದಿಟ್ಟಿದ್ದೆ. ಅದನ್ನು ಮುಂದಿಟ್ಟೆ. “ಒಳ್ಳೆ ಕೆಲ್ಸ ಮಾಡಿದೀರಿ” ಎಂದು ಅದರ ಮೇಲೆ ಪೇಪರ್‌ವೆಯ್ಟ್ ಇಟ್ಟರು.

ಹೊರಗೆ ಬಂದ ಮೇಲೆ ಸಿಸ್ಟರಮ್ಮ ಅಂದರು: “ಎಣ್ಸಾದು ನಿಂಗೆ ಚೆನ್ನಾಗ್ ಬತ್ತದೆ ಮಗ. ಆದ್ರೆ ಅವ್ರು ಇನ್ನೂ ಬೀದೀಲೇ ಅವ್ರೆ.”

ಮುಂದಿನ ಗುರುವಾರದ ಬಿಸಿಲು ನನಗೆ ಚೆನ್ನಾಗಿ ನೆನಪಿದೆ. ನಿಲ್ದಾಣದ ಪಕ್ಕ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಲಾರಿಯೊಂದು ನಿಂತಿತ್ತು. ಗೇಟಿನಿಂದ ವಾಪಸಾದ ಒಬ್ಬ ಹುಡುಗಿ, ಇಪ್ಪತ್ತು ದಾಟಿರಲಿಕ್ಕಿಲ್ಲ, ಬೇರೆ ಮರೆ ಇಲ್ಲದೆ ಆ ಲಾರಿಯ ಹಿಂದಿನ ಗಾಲಿಗೆ ಒರಗಿ ಕೂತು, ತಲೆತುಂಬ ಸೆರಗು ಹೊದ್ದು ಮಗುವಿಗೆ ಹಾಲು ಕೊಡುತ್ತಿದ್ದಳು. ಟೀ ಕುಡಿದು ಬಂದ ಡ್ರೈವರು ಆ ಬದಿ ನೋಡದೆ ಲಾರಿ ಚಾಲೂ ಮಾಡಿದ. ಜಗಲಿಯಿಂದ ಸಿಸ್ಟರಮ್ಮ ಕೂಗಿದ ಕೂಗು ನನಗೆ ಗ್ರಂಥಾಲಯದೊಳಗೆ ಕೇಳಿಸಿತು. ಹೊರಗೆ ಬಂದು ನೋಡಿದರೆ ಎಂಬತ್ತು ದಾಟಿದ ಹೆಂಗಸು ಬರಿಗಾಲಲ್ಲಿ ರಸ್ತೆಗೆ ಓಡಿ ಲಾರಿಯ ಮುಂದೆ ಎರಡೂ ಕೈ ಎತ್ತಿ ನಿಂತಿದ್ದರು. ಲಾರಿ ನಿಂತಿತು. ಹುಡುಗಿ ಎದ್ದು, ಏನಾಯಿತೆಂದು ಅರ್ಥವಾದ ಮೇಲೆ ಮಗುವಿನ ಕೈಕಾಲು ಮುಟ್ಟಿ ಮುಟ್ಟಿ ನೋಡಿದಳು. ಡ್ರೈವರೂ ಇಳಿದು ಬಂದು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ.

ಸಿಸ್ಟರಮ್ಮ ಆ ತಾಯಿ ಮಗುವನ್ನು ತಮ್ಮ ಮನೆಗೆ ಕರೆದೊಯ್ದರು. ಬಸ್ಸಿಗೆ ಹತ್ತಿಸಿ ಬಂದ ಮೇಲೆ ಬಹಳ ಹೊತ್ತು ಎದುರಿನ ಕಂಬವನ್ನೇ ನೋಡುತ್ತ ಕೂತಿದ್ದರು. ಆಮೇಲೆ ನನಗೆ ಹೇಳಿದರು:

“ಅಂಗ್ಡಿಗೋಗಿ ಒಂದ್ ಪೊಟ್ಣ ಅರಿಶ್ನ ತಕಬಾ.”

“ಅಡುಗೆಗಾ?”

“ಅಡ್ಗೆಗಾದ್ರೆ ಮನೇಲದೆ.”

ಮರುದಿನ ಶುಕ್ರವಾರ, ಬಸ್ ನಿಲ್ದಾಣ ತುಂಬಿರುವ ಹೊತ್ತು. ಸಿಸ್ಟರಮ್ಮ ಸ್ನಾನ ಮಾಡಿ, ಆಂಜನೇಯನ ಗುಡಿಗೆ ಉಡುತ್ತಿದ್ದ ಸೀರೆ ಉಟ್ಟು, ಬಟ್ಟಲಲ್ಲಿ ಅರಿಶಿನ ಕಲಸಿಕೊಂಡು ಗೇಟಿಗೆ ಬಂದರು. ಕಾವಲಿನವನು ತಡೆಯುವುದನ್ನು ಮರೆತು ನೋಡುತ್ತ ನಿಂತ. ಅವರ ಹಿಂದೆ ನಾನು. ಕಂಬದ ಮುಂದೆ ನಿಂತವರು ಬಟ್ಟಲೊಳಗೆ ಕೈ ಅದ್ದಿದರು, ಎತ್ತಿದರು, ಹಾಗೇ ಹಿಡಿದುಕೊಂಡರು. ಆ ಬಿಳಿಚಿದ ಕೈಯಿಂದ ಅರಿಶಿನ ಬಟ್ಟಲಿಗೆ ತೊಟ್ಟಿಕ್ಕುತ್ತಿತ್ತು. ಅವರು ಮನಸ್ಸು ಬದಲಿಸಿ ತಿರುಗುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ಐದೂ ಬೆರಳು ಅಗಲಿಸಿ, ಬೂದು ಕಾಂಕ್ರೀಟಿನ ಮೇಲೆ ಒತ್ತಿಬಿಟ್ಟರು.

ನಿಲ್ದಾಣದ ಕಡೆಯಿಂದ ಒಬ್ಬ ಅಜ್ಜಿಯ ದನಿ ಕೇಳಿಸಿತು: “ಅಯ್ಯೋ ನೋಡ್ರವ್ವಾ, ಸಿಸ್ಟರಮ್ಮ! ಬಳೆ ಕಟ್ಟಿದ್ದಕ್ಕೆ ನನ್ನ ಬೈದು ಕಳ್ಸಿದ್ಲು ಈಯಮ್ಮ!”

“ಈಗ ಬೈಯಲ್ಲ ಬಾ” ಎಂದರು ಸಿಸ್ಟರಮ್ಮ, ತಿರುಗದೆಯೇ.

ಆಮೇಲೆ ಅವರೇನೂ ಮಾಡಬೇಕಾಗಲಿಲ್ಲ. ಮೂವತ್ತು ವರ್ಷ ಕಂಬ ಉಜ್ಜಿಸಿದವಳೇ ಅರಿಶಿನ ಹಚ್ಚಿದಳು ಎಂಬ ಸುದ್ದಿ ತೊಣ್ಣೂರು ದಾಟಿ ಹೋಯಿತು. ಕಂಬದಮ್ಮ ಕನಸಿನಲ್ಲಿ ಬಂದು ಅರಿಶಿನ ಕೇಳಿದಳಂತೆ, ಲಾರಿ ತಡೆದದ್ದೂ ಅವಳೇ ಅಂತೆ ಎಂದು ಜನ ತಾವೇ ಸೇರಿಸಿಕೊಂಡರು. ಮಂಗಳವಾರದ ಹೊತ್ತಿಗೆ ಕಂಬ ಎದೆಮಟ್ಟ ಹಳದಿಯಾಗಿತ್ತು. ಗೇಟಿನ ಹೊರಗೆ ಬಾಳೆಹಣ್ಣು, ಹೂವು ಮಾರುವವರು ಕೂತಿದ್ದರು. ಕಾವಲಿನವನು ಗೇಟು ತೆರೆದಿಟ್ಟು ತಾನೂ ಕುಂಕುಮ ಇಟ್ಟುಕೊಂಡಿದ್ದ.

ಮುಖ್ಯಾಧಿಕಾರಿಗಳು ಜೀಪಿನಲ್ಲಿ ಬಂದರು. ಗೇಟಿನ ಹತ್ತಿರ ಒಂದು ಕ್ಷಣ ನಿಂತು, ಸುತ್ತಲಿನ ಹೆಂಗಸರನ್ನು ನೋಡಿ, ಶೂ ಬಿಚ್ಚಿದರು. ಶೂ ಬಿಚ್ಚಿದ ಅಧಿಕಾರಿಯ ಹತ್ತಿರ ಸಿಸ್ಟರಮ್ಮ ಮೆಲ್ಲಗೆ ಹೋದರು.

“ಸಾಮೇರಾ, ದೇವ್ರಿಗೆ ಬರೋರು ಕೈಕಾಲ್ ತೊಳ್ಯಾಕೆ ಒಂದ್ ನಲ್ಲಿ ಬ್ಯಾಡ್ವಾ?”

“ಬೇಕಲ್ವಾ” ಎಂದರು ಅವರು.

“ಎಳೆ ಮಕ್ಳು ಎತ್ಕೊಂಡ್ ಬತ್ತಾರೆ. ಬಿಸ್ಲಲ್ಲಿ ನಿಲ್ಲಂಗಾಯ್ತದಾ?”

ಸಾಹೇಬರಿಗೆ ಆಗ ಅರ್ಥವಾಯಿತು ಎಂದು ಕಾಣುತ್ತದೆ. ಅವರನ್ನೇ ದಿಟ್ಟಿಸಿ ನೋಡಿದರು. ಸಿಸ್ಟರಮ್ಮ ಮುಖ ಕದಲಿಸಲಿಲ್ಲ. ಸಾಹೇಬರು ನನ್ನತ್ತ ತಿರುಗಿ, “ಬ್ಯಾಟರಿ ಮಹಡಿ ಮೇಲಕ್ಕೆ ಹಾಕ್ಸಮ್ಮ” ಎಂದರು.

ಮರುದಿನ ಮೈಸೂರಿನಿಂದ ಮೇಡಂ ಬಂದರು. ಕಂಬ ನೋಡಿ ಅವರ ಕಣ್ಣಲ್ಲಿ ನೀರು ತುಂಬಿತು. “ಎರಡು ತಿಂಗಳು ತೊಳೆಸಿದ್ದೆ ಅಮ್ಮಾ” ಎಂದರು.

“ನಾನು ಮೂವತ್ತು ವರ್ಸ ತೊಳ್ಸಿದ್ದೆ ತಾಯಿ. ಬುಡು, ಇಬ್ರೂ ಸೋತ್ವಿ.”

ಮೇಡಂ ಅಳುತ್ತಲೇ ನಕ್ಕರು. ಆಮೇಲೆ ಅವರೇ ಸಮಿತಿಗೆ ಬರೆದು, ಗೋಡೆ ಕೊರೆಯದೆ ಹೊರಗಿನಿಂದ ಕೊಳಾಯಿ ತರುವ ದಾರಿ ಹುಡುಕಿ ಒಪ್ಪಿಗೆ ತಂದರು. ಕೊಠಡಿಯಲ್ಲಿ ಅಗಲವಾದ ಬೆಂಚು, ಬಾಗಿಲಿಗೆ ಪರದೆ, ಒಂದು ಫ್ಯಾನು ಬಂದವು.

ಇಷ್ಟಾದರೂ ಸಿಸ್ಟರಮ್ಮ ಗೆದ್ದವರಂತೆ ಇರಲಿಲ್ಲ. ಅರಿಶಿನ ಹಚ್ಚಿದ ದಿನ ಸಂಜೆ ಅವರು ಬಚ್ಚಲಲ್ಲಿ ಕೈ ತೊಳೆಯುತ್ತಿದ್ದದ್ದು ಎಷ್ಟು ಹೊತ್ತಾದರೂ ಮುಗಿದಿರಲಿಲ್ಲ. ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ, “ಆ ಅಜ್ಜಿ ಇವತ್ತು ನೋಡಿದ್ರೆ ಏನಂತಿದ್ಲೋ” ಎಂದರು. ಧನುರ್ವಾಯುವಿಗೆ ಸತ್ತ ಆ ಮಗುವಿನ ಅಜ್ಜಿಯ ಬಗ್ಗೆ ಹೇಳುತ್ತಿದ್ದಾರೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ತಾವು ಅಷ್ಟು ವರ್ಷ ಮುಚ್ಚಿದ್ದ ಬಾಗಿಲನ್ನು ತಾವೇ ತೆರೆದೆವೇನೋ ಎಂಬ ಹೆದರಿಕೆ ಅವರಿಗೆ ನಿಜವಾಗಿಯೂ ಇತ್ತು.

ಅದಕ್ಕೇ ನಲ್ಲಿ ಬಂದ ಗುರುವಾರದಿಂದ ಅವರು ಅದರ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂತರು. ಮೊದಲು ಕಂಬ, ಆಮೇಲೆ ಸೋಪು, ಆಮೇಲೆ ಮಗು. ಈ ಕ್ರಮ ತಪ್ಪುವಂತಿರಲಿಲ್ಲ. ಅರಿಶಿನ ಕೆರೆಯಲು ಬಂದವರ ಕೈಗೆ ಬೀಳುತ್ತಿತ್ತು ಏಟು.

“ದೇವ್ರು ಕಂಬ್ದಲ್ಲೇ ಇರ್ಲಿ ಕಣವ್ವ, ಹೊಕ್ಳಿಗೆ ಬರಾದ್ ಬ್ಯಾಡ. ತೊಳ್ಕ. ಉಗುರ್ ಸಂದಿ! ಏನ್ ಆತ್ರ? ಬಸ್ಸು ಓದ್ರೆ ಇನ್ನೊಂದ್ ಬತ್ತದೆ.”

ಸೊಸೆಯರು ಬೆದರುತ್ತಿದ್ದರು, ಅತ್ತೆಯರು ಗೊಣಗುತ್ತಿದ್ದರು, ಎಲ್ಲರೂ ತೊಳೆಯುತ್ತಿದ್ದರು. ವರ್ಷ ಕಳೆಯುವುದರೊಳಗೆ ಅದೂ ಪೂಜೆಯ ಒಂದು ಭಾಗವೇ ಆಗಿ, ಹೊಸದಾಗಿ ಬಂದವರಿಗೆ ಹಳಬರೇ ಹೇಳಿಕೊಡತೊಡಗಿದರು. ಕೈ ತೊಳೆಯದಿದ್ದರೆ ಕಂಬದಮ್ಮ ಮುನಿಯುತ್ತಾಳಂತೆ ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳುವುದು ಕಿವಿಗೆ ಬಿದ್ದ ದಿನ ಸಿಸ್ಟರಮ್ಮ ನನ್ನತ್ತ ನೋಡಿ ಕಣ್ಣು ಮಿಟುಕಿಸಿದರು. ಅವತ್ತಿನ ಮೇಲೆ ಅವರ ಮುಖ ಹಗುರವಾಯಿತು.

ಎರಡು ಮಳೆಗಾಲ ಅವರು ಹಾಗೆ ಕೂತರು. ಆಮೇಲೆ ಮಂಡಿ ನೋವು ಹೆಚ್ಚಾಗಿ ಜಗಲಿಯಿಂದಲೇ ಕೂಗಿ ಹೇಳತೊಡಗಿದರು. ಕೊನೆಯ ಸಲ ನಾನು ನೋಡಲು ಹೋದಾಗ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಓದುವ ಹುಡುಗರು ಆ ಕೊಠಡಿ ಕೇಳುತ್ತಿದ್ದಾರೆಯೇ ಎಂದು ವಿಚಾರಿಸಿದರು. ಕೇಳುತ್ತಾರೆ, ಪರೀಕ್ಷೆ ಹತ್ತಿರ ಬಂದಾಗ ಜಾಗ ಸಾಲುವುದಿಲ್ಲ ಎಂದೆ.

“ಅವ್ರೂ ನಮ್ ಮಕ್ಳೇಯ. ಮಹಡಿ ಮೇಲೆ ಇನ್ನೆರಡು ಬೆಂಚ್ ಹಾಕ್ಸು. ಆದ್ರೆ ಆ ರೂಮು ಕೊಡ್ಬ್ಯಾಡ. ಯಾರ್ ಕೇಳುದ್ರೂವೆ.”

ಅವರು ಬುಧವಾರ ಬೆಳಗ್ಗೆ ತೀರಿಕೊಂಡರು. ಮಧ್ಯಾಹ್ನವೇ ಎಲ್ಲ ಮುಗಿಯಿತು. ಮರುದಿನ ಪೋರ್ಟಿಕೊದಲ್ಲಿ ಶ್ರದ್ಧಾಂಜಲಿ ಸಭೆ ಏರ್ಪಾಡಾಯಿತು. ಕೇಂದ್ರಕ್ಕೆ ಒಂದು ದಿನ ರಜೆ ಕೊಡಿ ಎಂದರು. ಮಹಡಿಗೆ ಕೊಟ್ಟೆ, ಕೊಠಡಿ ತೆರೆದಿಟ್ಟೆ. ಅವತ್ತು ಗುರುವಾರ.

ಜನ ಬಹಳ ಸೇರಿದ್ದರು. ಬಾಡಿಗೆ ಮೈಕು, ಎರಡು ದೊಡ್ಡ ಸ್ಪೀಕರ್ ಪೆಟ್ಟಿಗೆ. ಮುಖ್ಯಾಧಿಕಾರಿಗಳು ಮಾತಾಡಲು ಎದ್ದರು. ಅವರಿಗೆ ದುಃಖವಾಗಿತ್ತು, ಚೆನ್ನಾಗಿಯೇ ಮಾತಾಡುತ್ತಿದ್ದರು. ಆಗ ಪರದೆಯ ಹಿಂದಿನಿಂದ ಮಗುವಿನ ಅಳು ಕೇಳಿ ಒಳಗೆ ಹೋದೆ. ನಾಗಮಂಗಲ ಕಡೆಯ ಹೆಂಗಸು. ಚುಚ್ಚುಮದ್ದಿಗೆ ಮಗುವಿನ ಮೈ ಕಾದಿತ್ತು. “ಈಗ್ತಾನೇ ಕಣ್ ಮುಚ್ಚಿತ್ತು ಕಣಕ್ಕ, ಮೈಕಿಗೆ ಬೆಚ್ಚಿಬಿದ್ದು ಎದ್ಬುಡ್ತು” ಎಂದು ಅವಳೇ ತಪ್ಪು ಮಾಡಿದವಳಂತೆ ಹೇಳಿದಳು.

ಹೊರಗೆ ಬಂದು ಸಾಹೇಬರ ಪಕ್ಕ ನಿಂತು ಮೆಲ್ಲಗೆ ಹೇಳಿದೆ. ಅವರು ಮೈಕಿಗೆ ಕೈ ಅಡ್ಡ ಹಿಡಿದು, “ಇನ್ನೆರಡೇ ನಿಮಿಷ ಕಣಮ್ಮ, ಅವರ ಬಗ್ಗೇನೇ ಹೇಳ್ತಿದೀನಲ್ಲ” ಎಂದರು. ನಾನು ಗೋಡೆಯ ಹತ್ತಿರ ಹೋಗಿ ಪ್ಲಗ್ ಕಿತ್ತೆ.

ಎಲ್ಲರೂ ತಿರುಗಿ ನೋಡಿದರು. ಮಗುವಿನ ಅಳು ಎಲ್ಲರಿಗೂ ಕೇಳಿಸಿತು. ಸಾಹೇಬರು ಮೈಕನ್ನು ಪಕ್ಕಕ್ಕೆ ಸರಿಸಿ, ತಗ್ಗಿದ ದನಿಯಲ್ಲಿ ಮಾತು ಮುಂದುವರಿಸಿದರು. ಹಿಂದೆ ನಿಂತವರಿಗೆ ಒಂದು ಶಬ್ದವೂ ಕೇಳಿಸಿರಲಿಕ್ಕಿಲ್ಲ. ಯಾರೂ ಎದ್ದು ಹೋಗಲಿಲ್ಲ.

ಒಳಗೆ ಅಳು ನಿಂತಿತು. ಸಭೆ ಮುಗಿದ ಮೇಲೆ ಪರದೆ ಸರಿಸಿ ನೋಡಿದರೆ ತಾಯಿ ಬೆಂಚಿನ ಮೇಲೆ ಮಗುವಿನ ಪಕ್ಕದಲ್ಲೇ ಕಾಲು ಚಾಚಿ ನಿದ್ದೆ ಹೋಗಿದ್ದಳು. ನಾಗಮಂಗಲದ ಬಸ್ಸು ಬರುವ ತನಕ ಬಾಗಿಲಲ್ಲಿ ಕೂತಿದ್ದು, ಬಂದ ಮೇಲೆ ಎಬ್ಬಿಸಿದೆ.